ಮೊಬ್ನಿಂಗ್‌ನಿಂದ ಕೀವಾವರೆಗೆ: ಶಾಲಾ ಕಿರುಕುಳ ಮತ್ತು ನೋಡುಗರು

ಮಕ್ಕಳು ತಮ್ಮಲ್ಲೇ ಒಬ್ಬರನ್ನು ಗುರಿಮಾಡಿಕೊಂಡು ಪೀಡಿಸುವುದು ಶಾಲೆಯಷ್ಟೇ ಹಳೆಯದಾದರೂ, ಅದು ಅಧ್ಯಯನಕ್ಕೂ ಸರ್ಕಾರಿ ಕ್ರಮಕ್ಕೂ ವಿಷಯವಾದದ್ದರ ಚರಿತ್ರೆಯ ಮುಖ್ಯ ಘಟ್ಟಗಳು ಸ್ವೀಡನ್, ನಾರ್ವೆ ಮತ್ತು ಫಿನ್ಲೆಂಡ್‌ಗಳಲ್ಲಿ ಸಿಗುತ್ತವೆ. 1969ರಲ್ಲಿ ಸ್ವೀಡನ್ನಿನ ವೈದ್ಯ ಪೀಟರ್-ಪಾಲ್ ಹೈನೆಮನ್ ಈ ಪೀಡನೆಗೆ ‘ಮೊಬ್ನಿಂಗ್’ ಎಂಬ ಹೆಸರನ್ನು ಬಳಕೆಗೆ ತಂದರು. ಪ್ರಾಣಿವರ್ತನೆಯ ವಿದ್ವಾಂಸ ಕೊನ್ರಾಡ್ ಲೊರೆನ್ಜ್ ಅವರ ಬರಹಗಳ ಮೂಲಕ ಬಂದ ಈ ಪದ, ಹಗಲಲ್ಲಿ ಕಣ್ಣಿಗೆ ಬಿದ್ದ ಗೂಬೆಯನ್ನು ಕಾಗೆಗಳು ಮುತ್ತಿ ಕುಕ್ಕುವಂತೆ, ಗುಂಪೊಂದು ಒಂಟಿ ಜೀವಿಯ ಮೇಲೆರಗುವುದನ್ನು ಸೂಚಿಸುತ್ತಿತ್ತು.

ನಾರ್ವೆಯ ಬರ್ಗೆನ್‌ನಲ್ಲಿ ನೆಲೆಸಿದ್ದ ಮನೋವಿಜ್ಞಾನಿ ಡಾನ್ ಓಲ್ವೇಯಸ್ ಈ ಕಲ್ಪನೆಯನ್ನು ಒಪ್ಪಲಿಲ್ಲ. ಎಲ್ಲವನ್ನೂ ಗುಂಪಿನ ತಲೆಗೆ ಕಟ್ಟಿದರೆ ಮುಂದೆ ನಿಂತು ಪೀಡಿಸುವ ಒಬ್ಬಿಬ್ಬರ ಹೊಣೆ ಮರೆಯಾಗುತ್ತದೆಂಬುದು ಅವರ ಆಕ್ಷೇಪವಾಗಿತ್ತು. ನೋಯಿಸುವ ಉದ್ದೇಶ, ಮತ್ತೆ ಮತ್ತೆ ನಡೆಯುವಿಕೆ, ಇಬ್ಬರ ನಡುವಿನ ಬಲದ ಅಂತರ ಎಂಬ ಮೂರು ಲಕ್ಷಣಗಳಿಂದ ಅವರು ಕಿರುಕುಳವನ್ನು ಸಾಮಾನ್ಯ ಜಗಳದಿಂದ ಬೇರ್ಪಡಿಸಿದರು. 1982ರ ಕೊನೆಯಲ್ಲಿ ಉತ್ತರ ನಾರ್ವೆಯ ಮೂವರು ಬಾಲಕರು ಆತ್ಮಹತ್ಯೆ ಮಾಡಿಕೊಂಡು, ಅದಕ್ಕೆ ಸಹಪಾಠಿಗಳ ಪೀಡನೆಯೇ ಕಾರಣವಿರಬೇಕೆಂಬ ಸುದ್ದಿ ಹಬ್ಬಿದಾಗ, ಮರುವರ್ಷ ಅಲ್ಲಿನ ಶಿಕ್ಷಣ ಸಚಿವಾಲಯ ರಾಷ್ಟ್ರವ್ಯಾಪಿ ಅಭಿಯಾನ ಕೈಗೊಂಡಿತು. ಅದರ ಅಂಗವಾಗಿ ಓಲ್ವೇಯಸ್ ಬರ್ಗೆನ್‌ನ 42 ಶಾಲೆಗಳ ಸುಮಾರು 2,500 ವಿದ್ಯಾರ್ಥಿಗಳ ನಡುವೆ ತಮ್ಮ ಕ್ರಮವನ್ನು ಪರೀಕ್ಷಿಸಿದರು. ಹೆಸರು ಬರೆಯದೆ ಉತ್ತರಿಸುವ ಪ್ರಶ್ನಾವಳಿ, ತರಗತಿಯ ನಿಯಮಗಳು, ಬಿಡುವಿನ ವೇಳೆಯಲ್ಲಿ ಅಂಗಳದಲ್ಲಿ ಶಿಕ್ಷಕರ ಕಾವಲು, ಪೋಷಕರೊಡನೆ ಮಾತುಕತೆ ಇವೇ ಅದರ ಸಾಧನಗಳು. ಎರಡು ವರ್ಷಗಳೊಳಗೆ ಕಿರುಕುಳ ಸುಮಾರು ಅರ್ಧಕ್ಕಿಳಿದಿತ್ತು.

ಬದಿಗೆ ಸರಿದಿದ್ದ ಗುಂಪನ್ನು ಮತ್ತೆ ಮುನ್ನೆಲೆಗೆ ತಂದದ್ದು ಫಿನ್ಲೆಂಡ್. 1996ರಲ್ಲಿ ಕ್ರಿಸ್ಟಿನಾ ಸಾಲ್ಮಿವಲ್ಲಿ ಮತ್ತು ಸಂಗಡಿಗರು, ಪೀಡಿಸುವವನಿಗೆ ಕೈಜೋಡಿಸುವವರು, ನಕ್ಕು ಹುರಿದುಂಬಿಸುವವರು, ತಮಗೇಕೆಂದು ದೂರ ಉಳಿಯುವವರು, ಪೀಡಿತರ ಪರ ನಿಲ್ಲುವವರು ಎಂದು ಸುತ್ತಲಿನ ಮಕ್ಕಳ ಪಾತ್ರಗಳನ್ನು ವಿಂಗಡಿಸಿದರು. ಈ ತಿಳಿವಿನ ಮೇಲೆ ತುರ್ಕು ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ‘ಕೀವಾ’ ಕಾರ್ಯಕ್ರಮ 2009ರಿಂದ ದೇಶದ ಶಾಲೆಗಳಿಗೆ ವಿಸ್ತರಿಸಿತು. ಫಿನ್ನಿಷ್‌ನಲ್ಲಿ ‘ಒಳ್ಳೆಯ’ ಎಂಬರ್ಥವೂ ಇರುವ ಆ ಹೆಸರು ‘ಕಿರುಕುಳದ ವಿರುದ್ಧ’ ಎಂಬ ಪದಗಳ ಮೊದಲಕ್ಷರಗಳಿಂದ ಆದದ್ದು. ಅಂಗಳ ಕಾಯುವ ಶಿಕ್ಷಕರು ದೂರಕ್ಕೂ ಎದ್ದುಕಾಣುವ ಮೇಲಂಗಿ ತೊಡುತ್ತಾರೆ. ಪ್ರಕರಣವೊಂದು ತಿಳಿದುಬಂದರೆ ತರಗತಿಯಲ್ಲಿ ಮನ್ನಣೆಯುಳ್ಳ ಎರಡರಿಂದ ನಾಲ್ಕು ಮಕ್ಕಳನ್ನು ಶಿಕ್ಷಕರು ಕರೆದು, ನೊಂದ ಮಗುವಿಗೆ ಜೊತೆಯಾಗುವಂತೆ ಕೋರುತ್ತಾರೆ.

ಅಂಗಳದ ಕಾವಲು ತಲುಪದ ಕಡೆ, ಅಂದರೆ ಮೊಬೈಲು ಮತ್ತು ಅಂತರಜಾಲದ ಮೂಲಕ, ನಡೆಯುವ ಪೀಡನೆಯೇ ಸೈಬರ್ ಕಿರುಕುಳ. ಅದಕ್ಕೆ ಗುರಿಯಾದವರಲ್ಲಿ ಹೆಚ್ಚಿನವರು ಶಾಲೆಯಲ್ಲಿ ಮುಖಾಮುಖಿಯಾಗಿಯೂ ಪೀಡಿತರೇ ಆಗಿರುವುದರಿಂದ ಹಳೆಯ ಕ್ರಮಗಳನ್ನು ಕೈಬಿಡಬಾರದೆಂದು ಓಲ್ವೇಯಸ್ 2012ರಲ್ಲಿ ವಾದಿಸಿದರು. ಆದರೆ ಅವರದೇ ವ್ಯಾಖ್ಯೆಯ ಎರಡನೆಯ ಲಕ್ಷಣ ಇಲ್ಲಿ ಕೈ ಬದಲಾಯಿಸುತ್ತದೆ: ಅಣಕದ ಚಿತ್ರವೊಂದನ್ನು ಹಾಕಿದವನು ಒಮ್ಮೆ ಮಾತ್ರ ಹಾಕಿರಬಹುದು, ಅದನ್ನು ಮತ್ತೆ ಮತ್ತೆ ನಡೆಯುವಂತೆ ಮಾಡುವವರು ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಫಾರ್ವರ್ಡ್ ಮಾಡುವ ನೋಡುಗರು. ಆದ್ದರಿಂದ ಚಿತ್ರ ತೆಗೆದವರಾರೆಂಬ ವಿಚಾರಣೆಯಲ್ಲೇ ಶಾಲೆಯ ಕೆಲಸ ಮುಗಿಯುವುದಿಲ್ಲ. ಅದನ್ನು ಮುಂದಕ್ಕೆ ಕಳಿಸಿದವರನ್ನೂ, ಕಂಡು ಸುಮ್ಮನಿದ್ದವರನ್ನೂ ಕೂರಿಸಿಕೊಂಡು ಮಾತನಾಡಬೇಕಾಗುತ್ತದೆ.