ಮಕ್ಕಳ ಪೋಟಗಿ: ಎಷ್ಟು, ಯಾವ ಊರಿನ ಕೋರ್ಟಿನಲ್ಲಿ?



ಮರಾಠಿಯಲ್ಲಿ ಪೋಟ ಎಂದರೆ ಹೊಟ್ಟೆ. ಹೊಟ್ಟೆಗೆಂದು ಕೊಡುವ ಹಣ ಪೋಟಗಿ. ಪುಸ್ತಕದ ಕನ್ನಡದಲ್ಲಿ ಇದಕ್ಕೆ ಜೀವನಾಂಶ ಎನ್ನುತ್ತಾರೆ. ಆದರೆ ಮಿರಜ, ಜತ್ತ, ಅಥಣಿಯ ಕಡೆ ಕನ್ನಡ ಮಾತನಾಡುವ ಮನೆಯಲ್ಲಿಯೂ ಪೋಟಗಿ ಎಂದರೇನೇ ಬೇಗ ತಿಳಿಯುತ್ತದೆ. ತಂದೆ ಕೈಬಿಟ್ಟ ಮಗುವಿನ ಹೊಟ್ಟೆಗೆ ಸರಕಾರ ಕಾಯ್ದೆ ಮಾಡಿ ನೂರೈವತ್ತು ವರ್ಷದ ಮೇಲಾಯಿತು. ಎಷ್ಟು ಕೊಡಬೇಕು ಎಂಬುದು ಒಂದು ಪ್ರಶ್ನೆ, ಎಲ್ಲಿ ಕೇಳಬೇಕು ಎಂಬುದು ಇನ್ನೊಂದು. ಮುಂಬಯಿ-ಪುಣೆಯವರಿಗೆ ಮೊದಲನೆಯದು ದೊಡ್ಡದಿರಬಹುದು. ಗಡಿಯಲ್ಲಿ ಹೆಣ್ಣು ಕೊಟ್ಟು ತರುವ ನಮ್ಮಂಥವರಿಗೆ ಎರಡನೆಯದೇ ದೊಡ್ಡದು.

1872ರ ಫೌಜದಾರಿ ಸಂಹಿತೆಯನ್ನು ರೂಪಿಸಿದವರು ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್. ಹೆಂಡತಿ ಮಕ್ಕಳು ಗತಿಯಿಲ್ಲದೆ ಅಲೆದಾಡುವುದನ್ನು ತಡೆಯಲು, ಇಲ್ಲವೇ ಅದರ ದುಷ್ಪರಿಣಾಮವನ್ನಾದರೂ ತಡೆಯಲು ಈ ಏರ್ಪಾಡು ಎಂದು ಅವರೇ ಹೇಳಿದ್ದರು. ಕನಿಕರಕ್ಕಿಂತ ಬಂದೋಬಸ್ತಿನ ವಿಚಾರವೇ ಅದರಲ್ಲಿ ಹೆಚ್ಚು ಎನ್ನಬೇಕು. ಆದರೂ ಒಂದು ಒಳ್ಳೆಯ ಕೆಲಸವಾಯಿತು. 1898ರ ಸಂಹಿತೆಯ 488ನೆಯ ಕಲಮು ಜಾತಿ ಧರ್ಮ ನೋಡಲಿಲ್ಲ, ಮಗು ಲಗ್ನದ್ದೋ ಲಗ್ನದ ಹೊರಗಿನದೋ ಎಂದೂ ನೋಡಲಿಲ್ಲ. ತಾನಾಗಿ ಹೊಟ್ಟೆ ಹೊರೆಯಲಾರದ ಮಗುವಿಗೆ ತಂದೆ ತಿಂಗಳಿಗೆ ಇಷ್ಟು ಕೊಡಬೇಕು ಎಂದಿತು. ಮಿತಿ ಮಾತ್ರ 50 ರೂಪಾಯಿ. 1923ರಲ್ಲಿ ಅದು 100 ಆಯಿತು.

ಈ ಕಾಯ್ದೆ ಬ್ರಿಟಿಷ್ ಮುಲುಕಿಗೆ ಮಾಡಿದ್ದು. ಸಾಂಗಲಿ, ಮಿರಜ ಆಗ ಪಟವರ್ಧನರ ಸಂಸ್ಥಾನಗಳು. ತೇರದಾಳ, ರಬಕವಿ, ಬೆಳಗಾವಿಯ ಪಕ್ಕದ ಶಹಾಪುರ, ದೂರದ ಶಿರಹಟ್ಟಿ ಇವೆಲ್ಲ ಸಾಂಗಲಿಯವು. ಲಕ್ಷ್ಮೇಶ್ವರ ಹಿರಿಯ ಮಿರಜಿನದು. ಅಂದರೆ ತೇರದಾಳದ ಮಗಳು ಸಾಂಗಲಿಯ ಸೊಸೆಯಾದರೆ ಒಂದೇ ರಾಜ್ಯದೊಳಗೆ ಇದ್ದಂತೆ. ಅಥಣಿಗೆ ಕೊಟ್ಟರೆ ಅದು ಬ್ರಿಟಿಷರ ಬೆಳಗಾವಿ ಜಿಲ್ಲೆ, ಬೇರೆ ರಾಜ್ಯಭಾರ. 1948ರ ಮಾರ್ಚಿನಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಮಿರಜಕ್ಕೂ ಅಥಣಿಗೂ ಒಂದೇ ಸರಕಾರ ಬಂತು. ಆದರೆ ಅದು ಎಂಟೇ ವರ್ಷ. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಹೋಯಿತು, ಮಿರಜ ಮುಂಬಯಿಯಲ್ಲಿ ಉಳಿಯಿತು. ಮ್ಹೈಸಾಳಕ್ಕೂ ಕಾಗವಾಡಕ್ಕೂ ನಡುವೆ ರಾಜ್ಯದ ಗಡಿ ಬಂದು ನಿಂತಿತು. ಬೀಗತನ ಮಾತ್ರ ಹಿಂದಿನಂತೆಯೇ ನಡೆಯಿತು.

ಈಗ ಹಳೆಯ ಕಾಯ್ದೆಯ ಒಂದು ಸಾಲನ್ನು ಲಕ್ಷ್ಯ ಕೊಟ್ಟು ಕೇಳಿರಿ. ಗಂಡಸು ಎಲ್ಲಿ ವಾಸವಾಗಿದ್ದಾನೋ, ಎಲ್ಲಿ ಇದ್ದಾನೋ, ಕಡೆಯ ಸಲ ಹೆಂಡತಿಯೊಡನೆ ಎಲ್ಲಿ ವಾಸವಾಗಿದ್ದನೋ ಆ ಜಿಲ್ಲೆಯಲ್ಲಿ ಅರ್ಜಿ ಹಾಕಬೇಕು. ಬೇಡಗದ ಮಗಳನ್ನು ಅಥಣಿ ಕಡೆ ಕೊಟ್ಟರೆನ್ನಿ. ಗಂಡ ಬಿಟ್ಟ, ಅವಳು ಮಗುವನ್ನು ಕಟ್ಟಿಕೊಂಡು ತವರಿಗೆ ಬಂದಳು. ಪೋಟಗಿ ಕೇಳಲು ಅವಳು ತಿರುಗಿ ಹೋಗಬೇಕಾದದ್ದು ಅವನು ಅವಳನ್ನು ಹೊರಗೆ ಹಾಕಿದ ಸೀಮೆಗೇ. ಪ್ರತಿ ತಾರೀಖಿಗೆ ಒಂದು ದಿನದ ಕೂಲಿ ಹೋಯಿತು, ಜೊತೆಗೆ ಅಣ್ಣನದೋ ತಮ್ಮನದೋ ಕೂಲಿಯೂ ಹೋಯಿತು. ಆಫ್ರಿಕದಲ್ಲಿದ್ದ ಗಂಡನ ಮೇಲೆ ಪಂಜಾಬದ ಹೆಂಗಸೊಬ್ಬಳು ಹಾಕಿದ ದಾವೆಯಲ್ಲಿ, 'ವಾಸ' ಎಂದರೇನು, 'ಇದ್ದಾನೆ' ಎಂದರೇನು ಎಂದು ತೀರ್ಮಾನಿಸಲು 1963ರಲ್ಲಿ ಸುಪ್ರೀಮ್ ಕೋರ್ಟಿನವರೆಗೆ ಹೋಗಬೇಕಾಯಿತು. ಅವಳಿಗೆ ಗೆಲುವಾಯಿತು, ನಿಜ. ಆದರೆ ಎಷ್ಟು ಜನ ಅಷ್ಟು ದೂರ ಹೋದಾರು?

1973ರ ಹೊಸ ಸಂಹಿತೆ 1974ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಪೋಟಗಿಯದು 125ನೆಯ ಕಲಮು ಆಯಿತು. 126ರಲ್ಲಿ ಒಂದು ಚಿಕ್ಕ ಮಾತು ಸೇರಿತು: ಹೆಂಡತಿ ವಾಸವಾಗಿರುವ ಜಿಲ್ಲೆಯಲ್ಲಿಯೂ ಅರ್ಜಿ ನಡೆಯುತ್ತದೆ. ಸೋಡಚೀಟಿ ಆದವಳೂ ಹೆಂಡತಿ ಎಂಬ ಮಾತಿನೊಳಗೆ ಬಂದಳು. ಇನ್ನು ಮೇಲೆ ಬೇಡಗದವಳು ಮಿರಜಿನಲ್ಲಿಯೇ ಅರ್ಜಿ ಕೊಡಬಹುದು, ಅಥಣಿಯವನು ಮಿರಜಿಗೆ ಬರಬೇಕು. ಗಡಿನಾಡಿನ ತಾಯಂದಿರಿಗೆ ಈ ಕಾಯ್ದೆಯಿಂದ ಆದ ದೊಡ್ಡ ಉಪಕಾರ ಇದೇ ಎಂದು ನನ್ನ ಎಣಿಕೆ.

ಮೊತ್ತದ ಕಥೆ ಬೇಸರದ್ದು. 1955ರಲ್ಲಿ ಮಿತಿಯನ್ನು 500 ರೂಪಾಯಿಗೆ ಏರಿಸಿದ್ದರು. 1973ರಲ್ಲಿ ಅದೇ 500 ಉಳಿಯಿತು. ಅದು ತಾಯಿ ಮಕ್ಕಳಿಗೆಲ್ಲ ಸೇರಿಯೋ, ತಲೆಗೆ ಒಂದೊಂದೋ ಎಂಬ ತಕರಾರು ಎದ್ದಾಗ, ಒಬ್ಬೊಬ್ಬರಿಗೂ ಬೇರೆ ಬೇರೆ ಎಂದು ಸುಪ್ರೀಮ್ ಕೋರ್ಟು 1978ರಲ್ಲಿ ಹೇಳಿತು. 1999ರಲ್ಲಿ ಮಹಾರಾಷ್ಟ್ರ ಸರಕಾರ ತನ್ನದೇ ತಿದ್ದುಪಡಿ ಮಾಡಿ 1500ಕ್ಕೆ ಏರಿಸಿತು. ಆದರೆ ಅದು ಮ್ಹೈಸಾಳದ ತನಕ ಮಾತ್ರ; ಕಾಗವಾಡಕ್ಕೆ ಮಹಾರಾಷ್ಟ್ರದ ತಿದ್ದುಪಡಿ ಸಲ್ಲದು. 2001ರ ಸೆಪ್ಟೆಂಬರಿನಲ್ಲಿ ಕೇಂದ್ರವು ಮಿತಿಯನ್ನೇ ತೆಗೆದುಹಾಕಿತು. ನೋಟೀಸು ಮುಟ್ಟಿದ 60 ದಿನದೊಳಗೆ, ಸಾಧ್ಯವಾದ ಮಟ್ಟಿಗೆ, ಮಧ್ಯಂತರ ಪೋಟಗಿಯ ಅರ್ಜಿ ತೀರಬೇಕೆಂದೂ ಹೇಳಿತು. ಅರ್ಜಿ ಹಾಕಿದ ದಿನದಿಂದಲೇ ಪೋಟಗಿ ಲೆಕ್ಕ ಹಾಕಬೇಕೆಂದು 2020ರಲ್ಲಿ ಸುಪ್ರೀಮ್ ಕೋರ್ಟು ನಿರ್ದೇಶಿಸಿತು.

ಮಿರಜಿನ ಮುಸಲ್ಮಾನ ಬಂಧುಗಳಿಗೆ ಒಂದು ಮಾತು. ತಲಾಖಾದ ಹೆಂಗಸರಿಗಾಗಿ 1986ರಲ್ಲಿ ಬೇರೆ ಕಾಯ್ದೆ ಬಂದದ್ದರಿಂದ ಮಕ್ಕಳ ಹಕ್ಕೂ ಹೋಯಿತೆಂದು ಹಲವರು ತಿಳಿದಿದ್ದರು. ಹಾಗಲ್ಲ, 125ರ ಕೆಳಗೆ ಮಕ್ಕಳ ಹಕ್ಕು ಹಾಗೆಯೇ ಇದೆ ಎಂದು ಸುಪ್ರೀಮ್ ಕೋರ್ಟು 1997ರಲ್ಲಿ ಸ್ಪಷ್ಟಪಡಿಸಿತು.

ಹುಕುಮು ಕೈಗೆ ಬಂದರೂ ಹಣ ಬರಬೇಕಲ್ಲ! ಗಂಡ ಗಡಿಯಾಚೆ ಕುಳಿತರೆ ಮಿರಜಿನ ಹುಕುಮು ಏನು ಮಾಡೀತು ಎಂದು ಎದೆಗುಂದುವವರಿದ್ದಾರೆ. ಹುಕುಮಿನ ನಕಲನ್ನು ಬಿಟ್ಟಿಯಾಗಿ ಕೊಡಬೇಕು. ಅವನು ಯಾವ ಊರಿನಲ್ಲಿದ್ದಾನೋ ಅಲ್ಲಿಯ ಮ್ಯಾಜಿಸ್ಟ್ರೇಟರೂ ಅದನ್ನು ಜಾರಿ ಮಾಡಬಹುದು. ಬಾಕಿ ಉಳಿದ ಒಂದು ತಿಂಗಳಿಗೆ ಒಂದು ತಿಂಗಳವರೆಗೆ ಜೇಲು ಆಗಬಹುದು. ಜೇಲಿಗೆ ಹೋಗಿ ಬಂದೆ, ಲೆಕ್ಕ ಚುಕ್ತಾ ಆಯಿತು ಎನ್ನುವ ಜಾಣರಿಗೆ 1989ರಲ್ಲಿಯೇ ಉತ್ತರ ಸಿಕ್ಕಿದೆ: ಜೇಲು ವಸೂಲಿಯ ದಾರಿ ಅಷ್ಟೇ, ಸಾಲ ತೀರಿದಂತಲ್ಲ. ಆದರೆ ಬಾಕಿಗಾಗಿ ವಾರಂಟು ಕೇಳುವುದಾದರೆ ಹಣ ಕೊಡಬೇಕಾದ ದಿನದಿಂದ ಒಂದು ವರ್ಷದೊಳಗೆ ಕೇಳಬೇಕು. ಇದನ್ನು ಮರೆತು ಕಳೆದುಕೊಂಡವರೇ ಬಹಳ.

2024ರ ಜುಲೈ 1ರಿಂದ ಹಳೆಯ ಸಂಹಿತೆಯ ಸ್ಥಳದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. 125 ಹೋಗಿ 144 ಆಯಿತು, 126 ಹೋಗಿ 145. ವಕೀಲರು ಹೊಸ ಅಂಕಿ ಹೇಳಿದರೆ ಗಾಬರಿಯಾಗಬೇಡಿರಿ, ತಿರುಳು ಹಳೆಯದೇ.

ಒಂದು ಕೊರತೆಯೂ ಹಳೆಯದೇ ಉಳಿದಿದೆ. ನಮ್ಮ ಎರಡೂ ಕಡೆ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿದ ತಾಯಂದಿರಿದ್ದಾರೆ, ಅವರ ಮಕ್ಕಳಿದ್ದಾರೆ. ಮುತ್ತು ಕಟ್ಟುವುದನ್ನು ಕರ್ನಾಟಕ 1982ರ ಕಾಯ್ದೆಯಿಂದ ನಿಷೇಧಿಸಿದೆ, ಮಹಾರಾಷ್ಟ್ರವೂ ಆಮೇಲೆ ತನ್ನ ಕಾಯ್ದೆ ಮಾಡಿದೆ. ತಂದೆ ಯಾರೆಂದು ಸಿದ್ಧವಾದರೆ ಆ ಮಕ್ಕಳಿಗೂ ಪೋಟಗಿಯ ಹಕ್ಕು 1898ರಿಂದ ಇದ್ದೇ ಇದೆ. ಆದರೆ ಎಲ್ಲಿ ಕೇಳಬೇಕು? ಕಾಯ್ದೆಯ ಅಕ್ಷರ ನೋಡಿದರೆ, ತನ್ನ ವಾಸದ ಜಿಲ್ಲೆ ಎಂಬ ಅನುಕೂಲ ಸಿಕ್ಕದ್ದು 'ಹೆಂಡತಿ'ಗೆ. ಲಗ್ನವಾಗದ ತಾಯಿಯ ಮಗುವಿಗೆ ತಂದೆ ಇರುವ ಜಿಲ್ಲೆ, ಇಲ್ಲವೇ ಅವರಿಬ್ಬರೂ ಕಡೆಯ ಸಲ ಕೂಡಿ ವಾಸವಾಗಿದ್ದ ಜಿಲ್ಲೆ. ಅಥಣಿಯವನಾದರೆ ಅಥಣಿ ಕಡೆಗೇ. 145ನೆಯ ಕಲಮಿನಲ್ಲಿ, ಮಕ್ಕಳಿಂದ ಪೋಟಗಿ ಕೇಳುವ ಮುದಿ ತಂದೆ ತಾಯಿ ತಾವಿರುವ ಊರಿನಲ್ಲಿಯೇ ಕೇಳಬಹುದು ಎಂದು ಹೊಸದಾಗಿ ಸೇರಿಸಿದ್ದಾರೆ. ಈ ತಾಯಿಯ ಊರನ್ನು ಸೇರಿಸಿಲ್ಲ.