ಬಿಲ್ಲನ್ನೇರಿದ ಗೊರವ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳ ಹಾದಿಗಳೆಲ್ಲವೂ ಭರತ ಹುಣ್ಣಿಮೆಯ ವೇಳೆಗೆ ಹಡಗಲಿ ಸೀಮೆಯ ಮೈಲಾರದ ಜಾತ್ರೆಯತ್ತ ತಿರುಗುತ್ತವೆ. 1953ರವರೆಗೆ ಈ ಊರುಗಳು ಮದರಾಸು ಪ್ರಾಂತ್ಯಕ್ಕೆ ಸೇರಿದ್ದವು. ತುಂಗಭದ್ರೆಯ ಆಚೆಯ ದಡವು ಮುಂಬಯಿಯದಾಗಿತ್ತು. ಆದರೂ ಜಾತ್ರೆಯ ಜನಕ್ಕೆ ಆ ಗಡಿ ಅಡ್ಡಬಂದುದಿಲ್ಲ.

ಕಂಬಳಿಯ ಅಂಗಿ ತೊಟ್ಟು, ಹಣೆಗೆ ಭಂಡಾರ ಬಳಿದುಕೊಂಡು, ಡಮರುಗ ನುಡಿಸುತ್ತ ಬರುವ ಗೊರವರು ಅಲ್ಲಿಯ ದೇವರಾದ ಮೈಲಾರಲಿಂಗನ ದೀಕ್ಷೆ ಹೊತ್ತವರು. ದೋಣಿಯೆಂಬ ಪಾತ್ರೆಯಲ್ಲಿಟ್ಟ ಹಾಲು ಬಾಳೆಹಣ್ಣುಗಳಿಗಾಗಿ ಅವರು ನೆಲಕ್ಕೆ ಕೈಯೂರಿ, ಬೊಗಳಿ, ಒಬ್ಬರನ್ನೊಬ್ಬರು ನೂಕಿ, ಬಾಯಿಂದಲೇ ಉಣ್ಣುವಾಗ ಬೆನ್ನೂ ಮೊಣಕೈಗಳೂ ಕಾಲುಗಳಷ್ಟೇ ಕುಣಿಯುತ್ತವೆ. ದೇವರ ನಾಯಿಗಳಾಗಿ ವರ್ತಿಸುವ ಈ ಸೇವೆಯನ್ನು ಕೇವಲ ವಿಚಿತ್ರವೆಂದು ನೋಡುವವರು ಅದರ ಹಿಂದಿನ ದೇಹಾಭ್ಯಾಸವನ್ನು ಕಾಣಲಾರರು.

ನೆಲಕ್ಕಿಳಿದು ಕುಣಿಯುವ ಇಂಥ ಅಭ್ಯಾಸ ದೂರದ ನಾಡಿನಲ್ಲೂ ಉಂಟು. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 1973ರಿಂದೀಚೆಗೆ ಡಿಜೆ ಕೂಲ್ ಹರ್ಕ್‌ನು ಹಾಡು ನಿಂತು ತಾಳವೊಂದೇ ಉಳಿಯುವ ಎಡೆಯನ್ನು ಹಿಗ್ಗಿಸಲು, ಆ ಎಡೆಯಲ್ಲಿ ನೆಲಕ್ಕಿಳಿದು ಕುಣಿದವರಿಂದ ಬ್ರೇಕಿಂಗ್ ಹುಟ್ಟಿತು. 2024ರ ಆಗಸ್ಟ್ 9 ಮತ್ತು 10ರಂದು ಪ್ಯಾರಿಸ್ಸಿನ ಒಲಿಂಪಿಕ್ಸಿನಲ್ಲಿ ಜಪಾನಿನ ಆಮಿಯೂ ಕೆನಡಾದ ಫಿಲ್ ವಿಜರ್ಡನೂ ಬ್ರೇಕಿಂಗಿನ ಸ್ವರ್ಣ ಗೆದ್ದರು. ಮುಂದೆ ನುಡಿಯುವ ಸಂಗೀತ ಯಾವುದೆಂದು ನರ್ತಕರಿಗೆ ಮೊದಲೇ ತಿಳಿಯದು. ಆ ಕ್ಷಣದ ತಾಳಕ್ಕೆ ಮೈಯೊಪ್ಪಿಸುವುದೇ ಅಲ್ಲಿಯ ಪರೀಕ್ಷೆ. ಬೆಂಗಳೂರಿನ ಜೊಹಾನಾ ರಾಡ್ರಿಗಸ್‌ರಂಥವರು ಬ್ರೇಕಿಂಗಿನ ಬೆನ್ನುಹತ್ತಿ ಬೆಳೆದರೂ ಭಾರತದ ಒಬ್ಬರೂ ಪ್ಯಾರಿಸ್ಸಿನ ಆ ಕಣಕ್ಕೆ ತಲುಪಲಿಲ್ಲ. 2028ರ ಲಾಸ್ ಏಂಜಲೀಸ್ ಪಟ್ಟಿಯಲ್ಲಿ ಆ ಸ್ಪರ್ಧೆಯೇ ಇಲ್ಲವೆಂಬುದು ನನಗೆ ನಿಜವಾದ ನೋವು. ಆಸರೆಯಿಲ್ಲದೆ ಯಾರೂ ಮೇಲೇರಲಾರರು; ಎತ್ತರಕ್ಕೇರುವವನಿಗೆ ಕೆಳಗೆ ನಿಂತ ಕೈಗಳು ಎಷ್ಟು ಬೇಕೆಂಬುದನ್ನು ನಾನು ಅರಿತುದು ಮೈಲಾರದಲ್ಲಿಯೇ.

ಡೆಂಕನಮರಡಿಯ ಬಯಲಿನಲ್ಲಿ, ದಿನಗಟ್ಟಲೆ ಉಪವಾಸವಿದ್ದ ಗೊರವಯ್ಯನು ಮುಗಿಲಿಗೆ ಚಾಚಿದ ಬಿಲ್ಲನ್ನು ಹತ್ತುತ್ತಾನೆ. ಕೆಳಗಿನ ಗೊರವರು ಅದನ್ನು ಬಿಗಿಯಾಗಿ ಹಿಡಿದಿರುತ್ತಾರೆ. ತುದಿ ಮುಟ್ಟಿದವನು ‘ಸದ್ದಲೇ’ ಎನ್ನಲು ಲಕ್ಷಾಂತರ ಜನರ ಗದ್ದಲ ಒಮ್ಮೆಲೇ ಅಡಗುತ್ತದೆ. ಮಳೆ, ಬೆಳೆ, ರಾಜ್ಯಗಳ ಭವಿಷ್ಯವನ್ನು ಒಂದೇ ವಾಕ್ಯದಲ್ಲಿ ಅಡಗಿಸಿದ ಕಾರ್ಣಿಕವನ್ನು ನುಡಿದು, ಆತನು ಅಲ್ಲಿಂದಲೇ ಮೈಬಿಟ್ಟು ಬೀಳುತ್ತಾನೆ. ಚಾಚಿದ ಕೈಗಳು ಅವನನ್ನು ಹಿಡಿಯುತ್ತವೆ. ಆಮೇಲೆ ಬಂಡಿ ಹೂಡುತ್ತ ರೈತರು ಈ ವರ್ಷದ ನುಡಿಯ ಅರ್ಥವನ್ನು ಚರ್ಚಿಸುವರು, ಅಂಗಿಗಂಟಿದ ಭಂಡಾರವನ್ನು ಯಾರೂ ಝಾಡಿಸಿಕೊಳ್ಳರು.