ದೀಪದ ಎಣ್ಣಿ, ಹಿಮ್ಮಡದ ಎಣ್ಣಿ

ಹೋದ ಚಳಿಗಾಲದಲ್ಲಿ ಬೆಂಗಳೂರಿನಿಂದ ಬಂದ ಮೊಮ್ಮಗಳು ಡಬ್ಬಿಯೊಳಗಿನ ಒಂದು ಮೇಣದಬತ್ತಿ ತಂದಿದ್ದಳು. ಅದನ್ನು ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಆರಿಸಿ, ಕರಗಿದ ಮೇಣವನ್ನು ನನ್ನ ಅಂಗೈಗೆ ಸುರಿದಳು. ಹೆದರಿ ಕೈ ಎಳೆದುಕೊಂಡೆ, ಸುಡಲಿಲ್ಲ. ಸೋಯಾ ಮೇಣವಂತೆ, ಕಡಿಮೆ ಶಾಖಕ್ಕೇ ಕರಗುತ್ತದಂತೆ. ಕರೆಂಟು ಹೋದಾಗ ಹಚ್ಚುವ ಸಾದಾ ಬತ್ತಿಯಿಂದ ಹೀಗೆ ಮಾಡಿದರೆ ಗುಳ್ಳೆಯೇ ಗತಿ. “ಬೆಳಕಿಗೂ ಆತು, ಚರ್ಮಕ್ಕೂ ಆತು. ಹೊಸಾದು ಅಜ್ಜಾ,” ಅಂದಳು. ನನಗೆ ಶಿರಹಟ್ಟಿಯ ನಮ್ಮ ಮನೆಯ ದೇವರ ಜಗಲಿ ನೆನಪಾಯಿತು.

ಅರವತ್ತರ ದಶಕದ ಮೊದಲಿನ ಮಾತು. ಹತ್ತಿ ಬಿಡಿಸುವ ದಿನಗಳಲ್ಲಿ ಎರೆಹೊಲದಲ್ಲಿ ತಿರುಗಿ ಅವ್ವನ ಹಿಮ್ಮಡ ಒಡೆದು ರಕ್ತ ಜಿನುಗುತ್ತಿತ್ತು. ಮನೆಯಲ್ಲಿ ಕುಸುಬಿ ಎಣ್ಣೆಯ ಗಡಿಗೆ ಒಂದೇ. ಒಗ್ಗರಣೆಗೂ ಅದೇ, ತಲೆಗೂ ಅದೇ, ದೇವರ ಪಣತಿಗೂ ಅದೇ. ಅದು ಅಜ್ಜಿಯ ಸುಪರ್ದಿನಲ್ಲಿತ್ತು. ರಾತ್ರಿ ದೀಪ ಆರಿದ ಮೇಲೆ ಅವ್ವ ಪಣತಿಯ ತಳದಲ್ಲಿ ಉಳಿದ ಬೆಚ್ಚಗಿನ ಎಣ್ಣೆಯನ್ನು ಬೆರಳಿನಿಂದ ಬಳಿದು ಹಿಮ್ಮಡಕ್ಕೆ ತಿಕ್ಕಿಕೊಳ್ಳುತ್ತಿದ್ದಳು. ಒಂದು ರಾತ್ರಿ ಅಜ್ಜಿ ನೋಡಿಬಿಟ್ಟಳು.

“ದೇವರ ಎಣ್ಣಿ ಕಾಲಿಗೆ ಹಚಗೋತಿಯೇನ?”

“ಉರದು ಉಳದದ್ದರೀ ಅತ್ತಿ.”

ಮರುದಿನದಿಂದ ಅಜ್ಜಿ ಪಣತಿಗೆ ಎಣ್ಣೆಯನ್ನು ಅಳೆದು ಹಾಕತೊಡಗಿದಳು. ತಳ ಒಣಗುವವರೆಗೆ ದೀಪ ಉರಿಯುತ್ತಿತ್ತು. ಆ ವರ್ಷ ಅವ್ವ ಕುಂಟುತ್ತಲೇ ಹತ್ತಿ ಬಿಡಿಸಿದಳು.

ಅಜ್ಜಿಯದು ಜಿಪುಣತನವೆಂದೇ ನಾನು ಬಹಳ ವರ್ಷ ತಿಳಿದಿದ್ದೆ. ಮುಂದೆ ಮಾಸ್ತರಿಕೆಗೆ ಸೇರಿ, ಹುಡುಗರನ್ನು ಕಟ್ಟಿಕೊಂಡು ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಗೆ ಹೋಗಿ ಬಂದ ಮೇಲೆ ಶಾಸನಗಳ ಪುಸ್ತಕ ತಿರುವುವ ಚಟ ಹತ್ತಿತು. ಪುಲಿಗೆರೆಯ ಸೀಮೆಯಲ್ಲಿ ಶಾಸನಗಳಿಗೇನು ಬರ! ಚಾಲುಕ್ಯರ ಕಾಲದ ದಾನಗಳಲ್ಲಿ ನಂದಾದೀವಿಗೆ ಮತ್ತೆ ಮತ್ತೆ ಬರುತ್ತದೆ. ಅದು ಆರಬಾರದ ದೀಪ. ಅದಕ್ಕಾಗಿ ತೆಲ್ಲಿಗರು, ಅಂದರೆ ಗಾಣಿಗರು, ಗಾಣಕ್ಕೆ ಇಂತಿಷ್ಟು ಸೊಲ್ಲಗೆ ಎಣ್ಣೆ ಎಂದು ಬಿಟ್ಟುಕೊಡುತ್ತಿದ್ದರು. ಧರ್ಮಕ್ಕೆ ಬಿಟ್ಟದ್ದನ್ನು ಅಳಿದವನಿಗೆ ವಾರಣಾಸಿಯಲ್ಲಿ ಕಪಿಲೆಯನ್ನು ಕೊಂದ ಪಾಪವೆಂದು ಕೊನೆಗೆ ಕಲ್ಲಿನಲ್ಲೇ ಕೆತ್ತುತ್ತಿದ್ದರು. ಅಕ್ಷರ ಬಾರದ ನಮ್ಮಜ್ಜಿಗೆ ಈ ಶಾಪ ಬಾಯಿಪಾಠವಿದ್ದಂತಿತ್ತು.

ಆದರೆ ಅದೇ ಅಜ್ಜಿ ನರಕಚತುರ್ದಶಿಯ ನಸುಕಿನಲ್ಲಿ ನಮ್ಮ ಮೈಗೆಲ್ಲ ಎಣ್ಣೆ ಪೂಸಿ, ಅದೇ ಗಡಿಗೆಯ ಎಣ್ಣೆಯಿಂದ ಆರತಿ ಹಚ್ಚಿ ಬೆಳಗುತ್ತಿದ್ದಳು. ಮೊದಲು ಮೈಗೆ, ಆಮೇಲೆ ದೀಪಕ್ಕೆ, ಅದು ನಡೆಯುತ್ತಿತ್ತು. ತಿರುವುಮುರುವಾದರೆ ಮಾತ್ರ ಪಾಪ.

1948ರವರೆಗೆ ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗಲಿಯದು. ಗದಗ, ಮುಂಡರಗಿ ಇಂಗ್ಲಿಷರವು. ಸರಕಾರ ಮೂರಾದರೂ ಎಲ್ಲ ಕಡೆ ದೀಪಕ್ಕೆ ಗಾಣದ ಎಣ್ಣೆಯೇ: ಕುಸುಬಿ, ಎಳ್ಳು, ಔಡಲ. ಔಡಲೆಣ್ಣೆ ನಿಧಾನ ಉರಿಯುತ್ತದೆ, ಮಸಿ ಕಡಿಮೆ. ರೈಲಿನವರೂ ಒಂದು ಕಾಲಕ್ಕೆ ತಮ್ಮ ದೀಪಗಳಿಗೆ ಅದನ್ನೇ ಸುರಿಯುತ್ತಿದ್ದರು. ಗದಗಿಗೆ ರೈಲು ಬಂದದ್ದು 1880ರ ದಶಕದಲ್ಲಿ. ಆ ಕಾಲದಲ್ಲೇ ಚಿಮಣಿ ಎಣ್ಣೆಯ ಡಬ್ಬಿಗಳು ದೇಶದ ತುಂಬ ಹರಡುತ್ತಿದ್ದವು. ಅದನ್ನು ಮೈಗೆ ಹಚ್ಚುವಂತಿಲ್ಲ, ತಿನ್ನುವಂತಿಲ್ಲ, ದೇವರ ಮುಂದೆಯೂ ಒಲ್ಲರು. ಬೆಳಕಿನ ಎಣ್ಣೆ ಬೇರೆಯಾಯಿತು, ಮೈಯ ಎಣ್ಣೆ ಬೇರೆಯಾಯಿತು.

ಆದರೆ ಆ ಕಡೆ ಬೇರೆಯೇ ನಡೆದಿತ್ತು. 1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಎಣ್ಣೆಬಾವಿ ತೋಡಿದಾಗ ಕೊಳವೆಗಳಿಗೆ ಜಿಡ್ಡಿನಂಥದೊಂದು ಮೇಣ ಹತ್ತುತ್ತಿತ್ತು. ಕೆಲಸಗಾರರು ಅದನ್ನು ಸುಟ್ಟಗಾಯಕ್ಕೆ, ಕೊಯ್ದ ಕೈಗೆ ಬಳಿದುಕೊಳ್ಳುತ್ತಿದ್ದರು. ರಾಬರ್ಟ್ ಚೆಸ್‌ಬ್ರೋ ಎಂಬಾತ ಅದನ್ನು ಶುದ್ಧ ಮಾಡಿ 1872ರಲ್ಲಿ ಪೇಟೆಂಟ್ ಪಡೆದ, ಅದೇ ವ್ಯಾಸಲೀನು. ಚಿಮಣಿ ಎಣ್ಣೆ, ಸಾದಾ ಮೇಣದಬತ್ತಿ, ಹಿಮ್ಮಡದ ವ್ಯಾಸಲೀನು, ಮೂರೂ ಒಂದೇ ಬಾವಿಯವು. ಅವ್ವನಿಗೆ ಇದನ್ನು ಹೇಳಿದಾಗ, “ಅವರಿಗೆ ಅತ್ತಿ ಇದ್ದಿದ್ದಿಲ್ಲ ಬಿಡು,” ಅಂದಳು.

ಅಜ್ಜಿ ಹಾಸಿಗೆ ಹಿಡಿದದ್ದು ಒಂದು ಬನದ ಹುಣ್ಣಿವೆಯ ಸುಮಾರಿಗೆ. ಆಕೆಯ ಕಾಲ ಚರ್ಮ ಹಳೆಯ ಗೋಡೆಯ ಮಣ್ಣಿನಂತೆ ಹಕ್ಕಳೆ ಏಳುತ್ತಿತ್ತು. ಆ ರಾತ್ರಿ ಅವ್ವ ದೀಪ ಆರುವತನಕ ಕಾಯಲಿಲ್ಲ. ಜಗಲಿಯ ಪಣತಿಯನ್ನು ಉರಿಯುತ್ತಿದ್ದಂತೆಯೇ ಎತ್ತಿ ತಂದು ಹಾಸಿಗೆಯ ಪಕ್ಕದಲ್ಲಿಟ್ಟು, ಬೆರಳದ್ದಿ ಅಜ್ಜಿಯ ಹಿಮ್ಮಡಕ್ಕೆ ತಿಕ್ಕತೊಡಗಿದಳು. ಅಜ್ಜಿ ಪಣತಿಯ ಕಡೆ ನೋಡಿದಳು, ಅವ್ವನ ಕಡೆ ನೋಡಿದಳು. ಆಮೇಲೆ ಇನ್ನೊಂದು ಕಾಲನ್ನೂ ಮೆಲ್ಲಗೆ ಕೌದಿಯಿಂದ ಹೊರಗೆ ಚಾಚಿದಳು.